ಮಂಜಪ್ಪನವರ ಭಾನುವಾರದ ಕಾಯಕ

ವಾರದ ಬೇರೆ ದಿನಗಳಲ್ಲಾದರೆ ಮಂಜಪ್ಪನವರನ್ನು ಹುಡುಕುವುದು ಕಷ್ಟವಿರಲಿಲ್ಲ. ಗದ್ದೆಯಲ್ಲಿ ಇಲ್ಲದಿದ್ದರೆ ತೋಟದಲ್ಲಿ, ತೋಟದಲ್ಲೂ ಇಲ್ಲದಿದ್ದರೆ ನರಸಿಂಹರಾಜಪುರದ ಸೊಸೈಟಿಯ ಜಗುಲಿಯಲ್ಲಿ ಯಾರ ಜೊತೆಗಾದರೂ ಔಷಧಿ ಹೊಡೆಯುವ ಮಾತಾಡುತ್ತ ಕೂತಿರುತ್ತಿದ್ದರು. ಭಾನುವಾರ ಮಾತ್ರ ಅವರ ಮನೆ ಮುಂದೆ ನಿಂತು ಎಷ್ಟು ಕೂಗಿದರೂ ನಾಯಿ ಬೊಗಳುತ್ತಿತ್ತೇ ಹೊರತು ಒಳಗಿನಿಂದ ಯಾರೂ ಓಗೊಡುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಬೀಗ ಹಾಕಿಕೊಂಡು ಭದ್ರಾ ಹಿನ್ನೀರಿಗೆ ಇಳಿದಿರುತ್ತಿದ್ದರು. ತೋಟದ ಕೆಲಸಕ್ಕೆ ಬರುವ ಕೊರಗ, ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದ.

"ಗೌಡ್ರು ಕಾಯಕಕ್ಕೆ ಹೋಗಿದಾರೆ. ಸಂಜೆ ಮೇಲೆ ಬನ್ನಿ."

ಈ ಕಾಯಕದ ಕತೆಯನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮಂಜಪ್ಪನವರನ್ನು ನೀವು ದೊಡ್ಡ ಶರಣರೆಂದು ತಿಳಿದುಕೊಂಡೀರಿ. ಎರಡು ಸಾವಿರದ ಆರನೇ ಇಸವಿಯ ಆಸುಪಾಸಿನಲ್ಲಿ ಯಾರೋ ಹೊರಗಿನವರು ಬಂದು ಹಿನ್ನೀರಿನ ಅಂಚಿಗೆ ಕಾಟೇಜುಗಳನ್ನು ಕಟ್ಟಿಸಿ, ದೊಡ್ಡ ಬೋರ್ಡು ಹಾಕಿ, ರೆಸಾರ್ಟು ಶುರು ಮಾಡಿದ್ದರು. ಆದರೆ ಅಲ್ಲಿಗೆ ಅತಿಥಿಗಳಿಗಿಂತ ಜಿಗಣೆಗಳೇ ಹೆಚ್ಚಾಗಿ ಬಂದವು. ಎರಡನೇ ಮಳೆಗಾಲ ಮುಗಿಯುವುದರೊಳಗೆ ಬೀಗ ಬಿತ್ತು. ಅಲ್ಲಿಯ ಸಾಮಾನುಗಳನ್ನೆಲ್ಲ ಸಿಕ್ಕಿದಷ್ಟಕ್ಕೆ ಮಾರುತ್ತಿದ್ದಾರೆಂದು ಸುದ್ದಿಯಾದಾಗ ಮಂಜಪ್ಪನವರು ಒಂದು ನೀರಿನ ಟ್ಯಾಂಕು ನೋಡಿಕೊಂಡು ಬರುತ್ತೇನೆಂದು ಹೊರಟರು. ಮಧ್ಯಾಹ್ನದ ಹೊತ್ತಿಗೆ ಪಿಕಪ್ ಗಾಡಿಯ ಮೇಲೆ ಹಗ್ಗ ಬಿಗಿದುಕೊಂಡು ಬಂದದ್ದು ಟ್ಯಾಂಕಲ್ಲ, ಇಬ್ಬರು ಕೂರುವಂಥ ಹಳದಿ ಪ್ಲಾಸ್ಟಿಕ್ಕಿನ ಉದ್ದನೆ ದೋಣಿ. ಅದರ ಜೊತೆಗೆ, ಎರಡು ತುದಿಗೂ ಹಲಗೆಯಿರುವ ಹಗುರವಾದ ಒಂದು ಹುಟ್ಟು.

ಅಂಗಳ ಗುಡಿಸುತ್ತಿದ್ದ ತುಂಗಮ್ಮ ಪೊರಕೆ ಹಿಡಿದುಕೊಂಡೇ ಗಾಡಿಯ ಸುತ್ತ ಒಂದು ಸುತ್ತು ಹಾಕಿದರು.

"ಟ್ಯಾಂಕ್ ತರ್ತೀನಿ ಅಂತ ಹೋದೋರು, ಇದೆಂಥ ತಂದ್ರಿ ಮಾರಾಯ್ರೆ?"

"ಕಾಯಕ" ಅಂದರು ಮಂಜಪ್ಪ.

"ಕಾಯಕ ಮಾಡೋದಲ್ವಾ? ತರೋದೂ ಉಂಟಾ?"

ರೆಸಾರ್ಟಿನ ಕಾವಲಿನವನು ಆ ದೋಣಿಯ ಇಂಗ್ಲಿಷ್ ಹೆಸರು ಹೇಳಿ ಕಯಾಕ್ ಅಂದಿದ್ದ. ಮಂಜಪ್ಪನವರ ಕಿವಿಗೆ ಅದು ಕಾಯಕವಾಗಿ ಬಿದ್ದಿತ್ತು. ಕೊಪ್ಪದ ಹತ್ತಿರ ಮೇಗುಂದಕ್ಕೆ ಮದುವೆ ಮಾಡಿಕೊಟ್ಟ ಮಗಳು ನಿಶ್ಚಿತಾ ಫೋನಿನಲ್ಲೇ ಅಪ್ಪನ ನಾಲಿಗೆ ತಿದ್ದಲು ನೋಡಿದಳು. ಅಪ್ಪ ಒಪ್ಪಲಿಲ್ಲ. "ಸುಮ್ನಿರೆ. ಭಾನುವಾರ ದೋಣಿ ಆಟಕ್ಕೆ ಹೋದೆ ಅಂದ್ರೆ ಊರೋರು ಸೋಮಾರಿ ಅಂತಾರೆ. ಕಾಯಕಕ್ಕೆ ಹೋದೆ ಅಂದ್ರೆ ಯಾರಿಗೆ ಎಂಥ ಹೇಳಕ್ಕಾಗ್ತದೆ?" ಎಂದರು. ಆ ಮೇಲೆ ಊರಿನಲ್ಲಿ ಆ ಹೆಸರೇ ನಿಂತಿತು.

ಮಂಜಪ್ಪನವರು ಹುಟ್ಟಿದ್ದು ಶೃಂಗೇರಿ ಕಡೆಯ ನೆಮ್ಮಾರಿನಲ್ಲಿ. ಮಗನಿಲ್ಲದ ಮನೆಗೆ ಮನೆಯಳಿಯನಾಗಿ ಈ ಕಡೆ ಬಂದವರು. ತುಂಗೆಯನ್ನು ಬಿಟ್ಟು ಭದ್ರೆಯ ದಡಕ್ಕೆ ಬಂದರೂ ತುಂಗೆ ಬಿಡಲಿಲ್ಲ ನೋಡು ಎಂದು ಮದುವೆಯಲ್ಲಿ ನೆಂಟರೆಲ್ಲ ಹೆಂಡತಿಯ ಹೆಸರು ಹಿಡಿದು ನಕ್ಕಿದ್ದರು. ಮನೆಯಳಿಯನೆಂದರೆ ಊರವರ ಬಾಯಿಗೆ ಸದಾ ಒಂದು ತುತ್ತು. ಮಂಜಪ್ಪನವರು ಯಾರ ಮಾತಿಗೂ ಎದುರಾಡದೆ, ಅತ್ತೆ ಮಾವಂದಿರನ್ನು ಕೊನೆಯವರೆಗೆ ಚೆನ್ನಾಗಿ ನೋಡಿಕೊಂಡು, ಗದ್ದೆ ತೋಟವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದವರು. ತಮಗೆಂದು ಏನನ್ನೂ ಆಸೆಪಟ್ಟು ತಂದುಕೊಂಡವರಲ್ಲ. ತಂದುಕೊಂಡದ್ದು ಈ ಹಳದಿ ದೋಣಿ ಒಂದೇ.

ನೆಮ್ಮಾರಿನ ತುಂಗೆ ಬಂಡೆಗಳಿಗೆ ಬಡಿದುಕೊಂಡು ಓಡುವವಳು. ಹುಡುಗ ಹೊಳೆಗೆ ಇಳಿದಾನೆಂದು ಅವರ ಅವ್ವ ಪೊರಕೆ ಹಿಡಿದುಕೊಂಡೇ ಕಾಯುತ್ತಿದ್ದಳಂತೆ. ಅದೇ ಅವ್ವ ಹಬ್ಬಕ್ಕೆ ಶೃಂಗೇರಿಗೆ ಕರೆದುಕೊಂಡು ಹೋದಾಗ ಹೊಳೆಯ ಮೆಟ್ಟಿಲ ಮೇಲೆ ಕೂರಿಸಿ, ಕೈಗೆ ಮಂಡಕ್ಕಿ ಪೊಟ್ಟಣ ಕೊಟ್ಟು, ಮೀನಿಗೆ ಹಾಕಿಸುತ್ತಿದ್ದಳು. ತೊಡೆಗಾತ್ರದ ಮೀನುಗಳು ಕಾಲಿನ ಹತ್ತಿರಕ್ಕೇ ಬಂದು ಬಾಯಿ ತೆರೆಯುತ್ತಿದ್ದವು. "ಇವು ಅಮ್ಮನವರ ಮೀನು ಮಗಾ. ನಂಬಿ ಬಂದಾವೆ. ಮುಟ್ಟಬಾರ್ದು" ಎನ್ನುತ್ತಿದ್ದಳು. ಹಾಗೆಂದು ಅವರ ಮನೆಯಲ್ಲಿ ಮೀನು ತಿನ್ನುತ್ತಿರಲಿಲ್ಲವೆಂದಲ್ಲ. ಘಟ್ಟದ ಕೆಳಗಿನಿಂದ ಐಸಿನಲ್ಲಿ ಬರುವ ಬಂಗುಡೆ, ಭೂತಾಯಿ ಎಲ್ಲವೂ ಧಾರಾಳವಾಗಿ ನಡೆಯುತ್ತಿತ್ತು. ಹೊಳೆ ಮೀನು ಮಾತ್ರ ಆಗದು. ಸಮುದ್ರದ ಮೀನಿಗೆ ದೇವರಿಲ್ಲವಾ ಎಂದು ತುಂಗಮ್ಮ ಹೊಸದರಲ್ಲಿ ಎಷ್ಟೋ ಸಲ ಕೆಣಕಿದ್ದರು. ಹೊಳೆ ಮೀನು ತಟ್ಟೆಗೆ ಬಂದರೆ ಮಂಜಪ್ಪನವರ ಕೈ ಹೋಗುತ್ತಿರಲಿಲ್ಲ, ಅಷ್ಟೆ. ಆಮೇಲೆ ತುಂಗಮ್ಮನವರೂ ಆ ಮಾತು ಬಿಟ್ಟರು. ಊರವರು ಭದ್ರೆಯ ಮೀನು ತಂದುಕೊಟ್ಟ ದಿನ ಗಂಡನಿಗೆಂದು ಬೇರೆ ಪಾತ್ರೆಯಲ್ಲಿ ಬೇರೆ ಸಾರು ಕುದಿಯುತ್ತಿತ್ತು.

ಹೀಗಿದ್ದ ಮಂಜಪ್ಪನವರಿಗೆ ನಿಂತ ನೀರಿನ ಹುಚ್ಚು ಹಿಡಿದದ್ದು ಈ ದೋಣಿಯಿಂದ. ಅಡಿಕೆ ಕೊಯ್ಲು ಮುಗಿದು ಕೈ ಸ್ವಲ್ಪ ಖಾಲಿಯಾಗುವ ಹೊತ್ತಿಗೆ ಹಿನ್ನೀರು ಕದಡುವುದನ್ನು ಬಿಟ್ಟು ತಿಳಿಯಾಗುತ್ತಿತ್ತು. ಬೆಳಗಿನ ಇಬ್ಬನಿಯಲ್ಲಿ ದೋಣಿ ನೂಕಿ ಕೂತರೆ ಹುಟ್ಟಿನಿಂದ ಹನಿ ಬೀಳುವ ಸದ್ದು ಬಿಟ್ಟು ಬೇರೇನೂ ಕೇಳದು. ಮೊದಮೊದಲು ದೋಣಿ ಗಾಣದೆತ್ತಿನ ಹಾಗೆ ಇದ್ದಲ್ಲೇ ಸುತ್ತುತ್ತಿತ್ತು. ದಡದಲ್ಲಿ ನಿಂತ ಕೊರಗ, "ಗೌಡ್ರೇ, ಎಣ್ಣೆ ಬಂತಾ?" ಎಂದು ಕೂಗುತ್ತಿದ್ದ. ಕೆಲವೇ ವಾರಗಳಲ್ಲಿ ಕೈ ಪಳಗಿತು. ನೀರಿನಲ್ಲಿ ನಿಂತೇ ಸತ್ತುಹೋದ ಹಳೆಯ ಮರಗಳ ಬೊಡ್ಡೆಗಳ ನಡುವೆ ದೋಣಿ ನುಸುಳಿಸಿಕೊಂಡು ನಡುಗಡ್ಡೆಯವರೆಗೆ ಹೋಗಿ, ಅಲ್ಲಿ ಕಾಫಿ ಕುಡಿದು, ಹಕ್ಕಿ ನೋಡಿಕೊಂಡು ಬರುವಷ್ಟು ಧೈರ್ಯ ಬಂತು. ಐವತ್ತು ದಾಟಿದ ಮನುಷ್ಯ ಶನಿವಾರ ರಾತ್ರಿ ಊಟಕ್ಕೆ ಕೂತವರು, ನಾಳೆ ಗಾಳಿ ಇರ್ತದಾ ಇಲ್ವಾ ಎಂದು ಚಿಂತೆ ಮಾಡುತ್ತಿದ್ದರು.

ತುಂಗಮ್ಮನವರಿಗೆ ಹಕ್ಕಿಯೂ ಬೇಡ, ನಡುಗಡ್ಡೆಯೂ ಬೇಡ. ಅವರು ಇದೇ ದಡದಲ್ಲಿ ಬೆಳೆದವರು, ಲಂಗ ಎತ್ತಿ ಕಟ್ಟಿಕೊಂಡು ಗಾಳ ಹಾಕುತ್ತಿದ್ದವರು. ಮದುವೆಯಾದ ಮೇಲೆ ಒಲೆ, ಕೊಟ್ಟಿಗೆ, ಬಾಣಂತನ ಎಂದು ಗಾಳ ಅಟ್ಟ ಸೇರಿತ್ತು. ದೋಣಿ ಬಂದದ್ದೇ ತಡ, ಹೊಸ ಬಿದಿರಿನ ಕೋಲು ಕಡಿಸಿ, ಪೇಟೆಯಿಂದ ದಾರ ಮುಳ್ಳು ತರಿಸಿ, ದೋಣಿಯ ಮುಂದಿನ ಸೀಟಿನಲ್ಲಿ ಸೆರಗು ಬಿಗಿದು ಕೂತರು. ಹಿಂದಿನ ಸೀಟು ಹುಟ್ಟು ಹಾಕುವ ಮಂಜಪ್ಪನವರದು. ಒಂದು ವಾರ ಎರೆಹುಳ, ಒಂದು ವಾರ ಹಿಟ್ಟಿನುಂಡೆ, ಒಂದು ವಾರ ಎರಡನ್ನೂ ಸೇರಿಸಿ ನೋಡಿದರು. ಉಹುಂ. ಇಡೀ ಬೇಸಿಗೆ ಹೋಯಿತು, ಮಳೆಗಾಲ ಕಳೆದು ಮತ್ತೆ ನೀರು ತಿಳಿಯಾಯಿತು, ಆದರೂ ಒಂದು ಮೀನು ಗಾಳಕ್ಕೆ ಬಾಯಿ ಹಾಕಲಿಲ್ಲ. ಅತ್ತ ದಡದಲ್ಲಿ ಕೂತ ಊರಿನ ಹುಡುಗರಿಗೆಲ್ಲ ಸಿಗುತ್ತಿತ್ತು. "ನನ್ನ ಕೈಗೆ ಎಂಥದೋ ದೋಷ ಬಂದದೆ" ಎಂದು ತುಂಗಮ್ಮ ಪೇಚಾಡಿಕೊಂಡರೂ ಮುಂದಿನ ಭಾನುವಾರ ಮತ್ತೆ ಗಂಡನಿಗಿಂತ ಮೊದಲು ತಯಾರಾಗಿ ನಿಲ್ಲುತ್ತಿದ್ದರು.

ದೋಷ ಅವರ ಕೈಯದಲ್ಲ, ಹಿಂದೆ ಕೂತಿದ್ದವರ ಕೈಯದು. ಮಂಜಪ್ಪನವರ ಅಂಗಿಯ ಜೇಬಿನಲ್ಲಿ ಮಂಡಕ್ಕಿ ಇರುತ್ತಿತ್ತು.

ಮೊದಲ ದಿನ ಅದು ಬರೀ ಅಭ್ಯಾಸಬಲ. ನೀರು ಕಂಡಿತು, ನೀರಿನಲ್ಲಿ ಮೀನು ಕಂಡಿತು, ಕೈ ತಾನಾಗಿ ತಿಂಡಿಯ ಪೊಟ್ಟಣಕ್ಕೆ ಹೋಗಿ ಒಂದು ಮುಷ್ಟಿ ಎರಚಿತು. ಮೀನುಗಳು ಬಂದು ಮುತ್ತಿಕೊಂಡವು. ಮಂಜಪ್ಪನವರಿಗೆ ಚಿಕ್ಕ ಹುಡುಗನಿಗೆ ಆದಷ್ಟು ಸಂತೋಷವಾಯಿತು. ಮುಂದೆ ಕೂತವರಿಗೆ ಹಿಂದಿನದು ಕಾಣುತ್ತಿರಲಿಲ್ಲ. ಎರಡು ಮೂರು ವಾರ ಕಳೆದ ಮೇಲೆ, ಹೊಟ್ಟೆ ತುಂಬಿದ ಮೀನು ಗಾಳ ಯಾಕೆ ಕಚ್ಚುತ್ತದೆ ಎಂಬುದು ಅವರಿಗೇ ಹೊಳೆಯಿತು. ಹೊಳೆದ ಮೇಲಾದರೂ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ ಮಹಾನುಭಾವರು. ಹೆಂಡತಿ ಮೀನು ಹಿಡಿಯಬಾರದೆಂದಲ್ಲ. ದಡದಲ್ಲಿ ಹಿಡಿಯಲಿ, ಬೇರೆಯವರ ದೋಣಿಯಲ್ಲಿ ಹಿಡಿಯಲಿ, ತನ್ನ ದೋಣಿಯಲ್ಲಿ, ತನ್ನ ಕಣ್ಣೆದುರಿಗೆ ಬೇಡ ಎಂದು ಅವರ ಲೆಕ್ಕ. ಅವಳಿಗೂ ಗಾಳ ಹಾಕಿದ ಖುಷಿ, ಮೀನಿಗೂ ಹೊಟ್ಟೆ ತುಂಬಿದ ಖುಷಿ, ನನಗೂ ಪಾಪ ತಪ್ಪಿದ ಖುಷಿ, ಯಾರಿಗೇನು ನಷ್ಟ ಎಂದುಕೊಂಡು ನಿಶ್ಚಿಂತೆಯಾಗಿದ್ದರು.

ನಷ್ಟದ ಮಾತು ಬಂದದ್ದು ಮೇಗುಂದದಲ್ಲಿ. ನಿಶ್ಚಿತಾಳ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬೀಗಿತ್ತಿ ಸುಬ್ಬಮ್ಮ ತುಂಬಿದ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ ಬಂದು ತುಂಗಮ್ಮನವರ ಎಲೆಯ ಮುಂದೆ ನಿಂತರು. ಸುಬ್ಬಮ್ಮ ಕೆಟ್ಟವರಲ್ಲ. ಬಾಯಿ ಮಾತ್ರ ಯಾರ ಅಪ್ಪಣೆಗೂ ಕಾಯುತ್ತಿರಲಿಲ್ಲ.

"ಎಂಥ ತುಂಗಮ್ಮ, ವಾರ ವಾರ ದೋಣೀಲಿ ಕೂತು ಮೀನಿಗೆ ಹುಳ ತಿನ್ಸಿ ಬರ್ತೀರಂತೆ? ಸಾಕಿದ್ದಾ ಅವು?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ತುಂಗಮ್ಮ ಮಾತ್ರ ತಲೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಬರೋ ಭಾನುವಾರ ನಮ್ಮನೆಗೆ ಊಟಕ್ಕೆ ಬನ್ನಿ ಸುಬ್ಬಮ್ಮ. ನಾನೇ ಹಿಡಿದ ಮೀನು, ನಾನೇ ಮಾಡಿದ ಸಾರು. ಆಗ್ಲಿಲ್ಲ ಅಂದ್ರೆ ಆ ಗಾಳ ಮುರಿದು ಒಲೆಗೆ ಹಾಕ್ತೀನಿ. ಮತ್ತೆ ಆ ದೋಣಿ ಹತ್ತಿದ್ರೆ ಕೇಳಿ."

ಹೆಂಡತಿಯ ಮಾತಿನ ತೂಕ ಮಂಜಪ್ಪನವರಿಗೆ ಗೊತ್ತಿತ್ತು. ಒಂದು ದಿನ ಯಾವುದೋ ಸಿಟ್ಟಿನಲ್ಲಿ ಇನ್ನು ಟೀವಿ ಧಾರಾವಾಹಿ ನೋಡುವುದಿಲ್ಲ ಅಂದವರು ಇವತ್ತಿನವರೆಗೆ ಆ ಕಡೆ ಮುಖ ಹಾಕಿರಲಿಲ್ಲ. ದೋಣಿ ಹತ್ತುವುದಿಲ್ಲ ಅಂದರೆ ಹತ್ತುವುದಿಲ್ಲ. ಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಊರಿಗೆ ಬರುವವರೆಗೂ ಮಂಜಪ್ಪನವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಮುಂದಿನ ಸೀಟು ಖಾಲಿಯಿರುವ ದೋಣಿ ಅವರ ಕಣ್ಣಿನಿಂದ ಹೋಗಲಿಲ್ಲ. ಈ ಹೆಂಗಸಿನ ಬೆನ್ನು, ಬಿಗಿದ ಸೆರಗು, ಆಗಾಗ ಹಿಂದೆ ತಿರುಗದೆಯೇ ಕೇಳುವ "ಕಾಫಿ ಬೇಕಾ?" ಎಂಬ ಮಾತು, ಇದೆಲ್ಲ ಇಲ್ಲದ ಮೇಲೆ ಹಿನ್ನೀರಿನಲ್ಲಿ ಏನು ಉಳಿಯಿತು? ತನಗೆ ಬೇಕಾಗಿದ್ದದ್ದು ದೋಣಿಯಲ್ಲ, ಇವಳ ಜೊತೆಗಿನ ಭಾನುವಾರ ಎಂಬುದು ಆ ಬಸ್ಸಿನಲ್ಲಿ ಅವರಿಗೆ ಸರಿಯಾಗಿ ಗೊತ್ತಾಯಿತು.

ಶನಿವಾರ ಅವರಿಗೆ ಒಂದು ಉಪಾಯ ಹೊಳೆಯಿತು. ಉಪಾಯವೇನೋ ಬಹಳ ಚೆನ್ನಾಗಿತ್ತು. ಐಸಿನ ಪೆಟ್ಟಿಗೆ ಕಟ್ಟಿಕೊಂಡು ಹಾರನ್ ಹೊಡೆಯುತ್ತ ಬರುವ ಬೈಕಿನವನಿಂದ ಒಂದಷ್ಟು ಮೀನು ಕೊಂಡು, ದೋಣಿಯ ಹಿಂದಿನ ಗೂಡಿನಲ್ಲಿ ಅಡಗಿಸಿಟ್ಟು, ಹೆಂಡತಿ ಅತ್ತ ನೋಡುವಾಗ ಗಾಳಕ್ಕೆ ಸಿಕ್ಕಿಸಿಬಿಡುವುದು. ಕೊಂಡದ್ದು ಬಂಗುಡೆ. ಅವರಿಗೆ ತಿಂದು ಗೊತ್ತಿದ್ದದ್ದು ಅದೇ. ಸಮುದ್ರದ ಮೀನು ಘಟ್ಟ ಹತ್ತಿ ಭದ್ರೆಗೆ ಈಜಿಕೊಂಡು ಬಂದದ್ದು ಹೇಗೆ ಎಂದು ಯಾರಾದರೂ ಕೇಳಿಯಾರು ಎಂಬ ಯೋಚನೆ ಪುಣ್ಯಾತ್ಮರಿಗೆ ಬರಲೇ ಇಲ್ಲ.

ಭಾನುವಾರ ಬೆಳಿಗ್ಗೆ ದೋಣಿ ಒರೆಸಲು ಹೋದ ತುಂಗಮ್ಮನವರ ಮೂಗಿಗೆ ಮೊದಲು ಗೊತ್ತಾಯಿತು. ಗೂಡಿಗೆ ಕೈ ಹಾಕಿ ಪ್ಲಾಸ್ಟಿಕ್ ಚೀಲ ಎತ್ತಿ ಹಿಡಿದರು.

"ಇದೆಂಥ ಇದು, ದೋಣಿ ಒಳಗೆ ಬಂಗುಡೆ?"

ಮಂಜಪ್ಪನವರಿಗೆ ಬಾಯಿಗೆ ಬಂದದ್ದು ಒಂದೇ. "ದಾರೀಲಿ ಹಸಿವಾದ್ರೆ ಅಂತ."

"ಹಸೀ ಮೀನಾ?"

"ಹ್ಞೂಂ."

ತುಂಗಮ್ಮ ಗಂಡನ ಮುಖವನ್ನು ಒಂದು ಕ್ಷಣ ನೋಡಿದರು. ಬೈಯಲಿಲ್ಲ, ನಗಲೂ ಇಲ್ಲ. "ಇರ್ಲಿ ಬಿಡಿ. ನಿಮ್ಮ ಸಾರಿಗೆ ಆಯ್ತು" ಎಂದು ಚೀಲ ಮನೆಯೊಳಗಿಟ್ಟು ಬಂದು, ದೋಣಿ ನೀರಿಗಿಳಿದ ಮೇಲೆ ಮುಂದಿನ ಸೀಟಿನಲ್ಲಿ ಕೂತರು.

ಅವತ್ತು ಗಾಳಿ ಇರಲಿಲ್ಲ. ಇಬ್ಬನಿ ಮೆಲ್ಲಗೆ ಕರಗಿ ನೀರು ಹೊಳೆಯತೊಡಗಿತು. ಬೊಡ್ಡೆಗಳ ನಡುವೆ ತಮ್ಮ ಮಾಮೂಲಿನ ಜಾಗದಲ್ಲಿ ದೋಣಿ ನಿಂತ ಮೇಲೆ ತುಂಗಮ್ಮ ಹಿಟ್ಟಿನುಂಡೆ ಸಿಕ್ಕಿಸಿ ಗಾಳ ಇಳಿಬಿಟ್ಟರು. ಇವತ್ತು ಜೇಬಿಗೆ ಕೈ ಹಾಕುವುದಿಲ್ಲ ಎಂದು ಮಂಜಪ್ಪನವರು ಗಟ್ಟಿಯಾಗಿ ನಿಶ್ಚಯಿಸಿ ಹುಟ್ಟನ್ನು ಎರಡೂ ಕೈಯಿಂದ ಹಿಡಿದು ಕೂತರು. ಬಿಸಿಲು ಏರಿತು. ಗಾಳದ ಬೆಂಡು ಮಿಸುಕಲಿಲ್ಲ. ದಡದಲ್ಲಿ ಛತ್ರಿ ಹಿಡಿದು ಯಾರೋ ಬಂದು ನಿಂತದ್ದು ಕಂಡಿತು. ಬೆಳಗಿನ ಬಸ್ಸಿಗೆ ಬಂದ ಸುಬ್ಬಮ್ಮ, ಮನೆಗೆ ಬೀಗ ಕಂಡು ಕೊರಗನನ್ನು ಕರೆದುಕೊಂಡು ಸೀದಾ ನೀರಿನ ಹತ್ತಿರಕ್ಕೇ ಬಂದುಬಿಟ್ಟಿದ್ದರು.

"ಬೀಗಿತ್ತೀ, ಮಸಾಲೆ ಅರೀಲಾ, ತಿಳಿಸಾರು ಸಾಕಾ?" ಎಂದು ಅಲ್ಲಿಂದಲೇ ಕೂಗಿದರು.

ತುಂಗಮ್ಮನವರ ಬೆನ್ನು ಸೆಟೆದುಕೊಂಡದ್ದು ಮಂಜಪ್ಪನವರಿಗೆ ಕಂಡಿತು. ಇವತ್ತು ಮಂಡಕ್ಕಿ ಹಾಕಿಲ್ಲವಲ್ಲ, ಆದರೂ ಈ ಮೀನುಗಳಿಗೆ ಏನು ಬಂದಿದೆ ಎಂದು ಹಿಂದೆ ತಿರುಗಿ ನೋಡಿದರು. ಹಿನ್ನೀರಿನ ಮೀನೆಲ್ಲ ಇಲ್ಲೇ ಇದೆಯೇನೋ ಎನ್ನುವ ಹಾಗೆ ದೋಣಿಯ ಹಿಂಭಾಗಕ್ಕೆ ಮೀನುಗಳು ಮುತ್ತಿಕೊಂಡು, ಮೇಲೆ ಬಾಯಿ ತೆರೆದು, ಅವರ ಕೈಯನ್ನೇ ನೋಡುತ್ತ ನಿಂತಿದ್ದವು. ವಾರ ವಾರ ಉಣ್ಣಿಸಿದವರು ಇವತ್ತು ಯಾಕೆ ತಡ ಮಾಡುತ್ತಿದ್ದಾರೆಂದು ಕಾಯುತ್ತಿದ್ದವು.

ಈಗ ಮಂಜಪ್ಪನವರ ಕಷ್ಟ ಶತ್ರುವಿಗೂ ಬೇಡ. ಹಿಂದೆ ನಂಬಿ ಬಂದವು, ಮುಂದೆ ನಂಬಿ ಬಂದವಳು. ಜೇಬಿನಲ್ಲಿ ಒಂದು ಮುಷ್ಟಿ ಮಂಡಕ್ಕಿ. ಅದನ್ನು ಎಲ್ಲಿ ಎರಚುತ್ತಾರೋ ಮೀನು ಅಲ್ಲಿಗೆ ಹೋಗುತ್ತದೆ. ಎರಚದೆ ಹಾಗೇ ಕೂತರೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ, ಬರುವ ಭಾನುವಾರ ತುಂಗೆಯೂ ಇಲ್ಲ. ಅವ್ವನನ್ನು ನೆನೆದು ಮನಸ್ಸಿನಲ್ಲೇ ಕೈ ಮುಗಿದರು. ಇದೊಂದು ಸಲ ಕ್ಷಮಿಸು ಎಂದರು.

"ತುಂಗಾ, ಆ ಎಡಗಡೆ ಬೊಡ್ಡೆ ಮೇಲೆ ನೋಡು, ಎಂಥದೋ ಹೊಸ ಹಕ್ಕಿ."

ತುಂಗಮ್ಮ ಎಡಕ್ಕೆ ತಿರುಗಿದರು. ಮಂಜಪ್ಪನವರು ಬಲಕ್ಕೆ, ಗಾಳದ ಬೆಂಡಿನ ಮೇಲೇ ಬೀಳುವ ಹಾಗೆ, ಜೇಬಿನಲ್ಲಿದ್ದಷ್ಟನ್ನೂ ಬೀಸಿ ಎರಚಿದರು. ಮೀನುಗಳು ದೋಣಿಯ ಅಡಿಯಿಂದಲೇ ಮುಂದಕ್ಕೆ ನುಗ್ಗಿದವು. ನೀರು ಒಲೆಯ ಮೇಲಿನ ಗಂಜಿಯ ಹಾಗೆ ಕೊತಕೊತ ಎಂದಿತು. ಬೆಂಡು ಒಂದು ಸಲ ಕುಣಿದು ಮುಳುಗಿಯೇಹೋಯಿತು.

ಆಮೇಲೆ ನಡೆದದ್ದನ್ನು ಹೇಳಲು ಹೊರಟರೆ ಸಾಲದು, ನೋಡಬೇಕಿತ್ತು. ಕೋಲು ಬಿಲ್ಲಾಗಿ ಬಗ್ಗಿತು. ತುಂಗಮ್ಮ ಎರಡೂ ಕಾಲು ಒತ್ತಿ ಹಿಡಿದು ಹಿಂದಕ್ಕೆ ವಾಲಿದರು, ದೋಣಿ ಒಂದು ಕಡೆ ವಾಲಿತು, ಮಂಜಪ್ಪನವರು ಹುಟ್ಟನ್ನು ನೀರಿನ ಮೇಲೆ ಚಪ್ಪಟೆ ಒತ್ತಿ ಇನ್ನೊಂದು ಕಡೆಗೆ ಮೈ ಎಳೆದರು. "ಬಿಡ್ಬೇಡ, ಬಿಡ್ಬೇಡ" ಎಂದು ಅವರೇ ಹೇಳುತ್ತಿದ್ದರು, ಅದು ತಮ್ಮ ಬಾಯೆಂದು ಅವರಿಗೇ ನಂಬಿಕೆಯಾಗಲಿಲ್ಲ. ಕೊನೆಗೆ ಅಗಲ ತಲೆಯ, ಬೆಳ್ಳಿ ಹೊಟ್ಟೆಯ ಒಂದು ಕಾಟ್ಲಾ ಪಟಪಟ ಬಡಿದುಕೊಳ್ಳುತ್ತ ದೋಣಿಯೊಳಗೆ ಬಿತ್ತು.

ತುಂಗಮ್ಮ ಹಿಂದೆ ತಿರುಗಿದರು. ಕೂದಲು ಬಿಚ್ಚಿಹೋಗಿತ್ತು, ಮುಖದ ತುಂಬ ನೀರು, ಹಣೆಯ ಕುಂಕುಮ ಮೂಗಿನವರೆಗೆ ಇಳಿದಿತ್ತು. ಅಷ್ಟು ಸಂತೋಷವನ್ನು ಮಂಜಪ್ಪನವರು ಆ ಮುಖದ ಮೇಲೆ ಯಾವತ್ತೂ ಕಂಡಿರಲಿಲ್ಲ. ಇಷ್ಟು ದಿನ ಇದನ್ನೇ ತಪ್ಪಿಸಿದ್ದೆನಲ್ಲ ಎಂದು ತಮ್ಮ ಮೇಲೆಯೇ ಸಿಟ್ಟು ಬಂತು. ಆದರೂ ಕಣ್ಣು ಕಾಲಬುಡದಲ್ಲಿ ಒದ್ದಾಡುವ ಮೀನಿನ ಕಡೆ ಹೋಯಿತು, ಮುಖ ಸಣ್ಣಗಾಯಿತು. ತುಂಗಮ್ಮ ಅದನ್ನು ನೋಡಿದರು.

"ಬಿಡ್ಲಾ?" ಎಂದು ಮೆಲ್ಲಗೆ ಕೇಳಿದರು.

ದಡದಲ್ಲಿ ಬೀಗಿತ್ತಿ ನಿಂತಿದ್ದಾರೆ, ತುಂಬಿದ ಪಂಕ್ತಿಯಲ್ಲಿ ಆಡಿದ ಮಾತಿದೆ, ಇಷ್ಟಾದರೂ ಕೇಳಿದರು.

"ಬೇಡ" ಅಂದರು ಮಂಜಪ್ಪ. "ಅದನ್ನ ಬಿಟ್ರೆ ಬರೋ ವಾರ ನನ್ನ ಜೊತೆ ಯಾರು ಬರೋದು? ನೀನಿಲ್ದೆ ಇದ್ರೆ ನಂಗೆ ಈ ದೋಣಿ ಬೇಡ ಮಾರಾಯ್ತಿ."

ಮದುವೆಯಾದಾಗಿನಿಂದ ಅಂಥ ಮಾತು ಅವರ ಬಾಯಿಂದ ಬಂದಿರಲಿಲ್ಲ. ತುಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು, ಸೆರಗಿಗೆ ಅಂಟಿದ್ದ ಒದ್ದೆ ಮಂಡಕ್ಕಿಯೊಂದನ್ನು ಬೆರಳಿನಿಂದ ಕೊಡವಿ ಮುಂದಕ್ಕೆ ತಿರುಗಿ ಕೂತರು. "ತಿರುಗ್ಸಿ ದೋಣಿ. ಅಕ್ಕಿ ಇಡಕ್ಕೆ ಹೊತ್ತಾಯ್ತು" ಎಂದರು.

ದಡ ಮುಟ್ಟುತ್ತಲೇ ಸುಬ್ಬಮ್ಮ ಛತ್ರಿ ಮಡಚಿ ದೋಣಿಯೊಳಗೆ ಬಗ್ಗಿದರು. "ಪೇಟೇಲಿ ತಂದು ಇಟ್ಕಂಡಿದ್ದಲ್ಲ ತಾನೆ?"

"ಪೇಟೆ ಮೀನು ಹಿಂಗೆ ಕುಣಿತದಾ ಅಮ್ಮಾ?" ಎಂದ ಕೊರಗ.

ಸುಬ್ಬಮ್ಮ ಬೆರಳು ಚಾಚಿ ಮುಟ್ಟಿದರು. ಕಾಟ್ಲಾ ಬಾಲ ಬೀಸಿ ಅವರ ಸೀರೆಗೆಲ್ಲ ನೀರು ಹಾರಿಸಿತು. "ಸೋತೆ ಮಾರಾಯ್ತಿ" ಎಂದು ಸುಬ್ಬಮ್ಮ ತುಂಗಮ್ಮನವರ ಭುಜ ಹಿಡಿದುಕೊಂಡು ನಕ್ಕರು. ಮನೆಯವರೆಗೂ ಆ ಮೀನನ್ನು ಬೇರೆ ಯಾರಿಗೂ ಕೊಡದೆ ಅವರೇ ಹಿಡಿದುಕೊಂಡು ಬಂದರು. ದಾರಿಯಲ್ಲಿ ಸಿಕ್ಕಿದವರಿಗೆಲ್ಲ, ನಮ್ಮ ಬೀಗಿತ್ತಿ ಹಿಡಿದದ್ದು, ನಾನೇ ಕಣ್ಣಾರೆ ಕಂಡೆ ಎಂದು ಕೇಳದಿದ್ದರೂ ಹೇಳಿದರು.

ಮಧ್ಯಾಹ್ನ ಒಲೆಯ ಮೇಲೆ ಎರಡು ಪಾತ್ರೆ ಕುದಿದವು. ದೊಡ್ಡದರಲ್ಲಿ ಕಾಟ್ಲಾ, ಚಿಕ್ಕದರಲ್ಲಿ ಬಂಗುಡೆ. ಕೊರಗನೂ ಊಟಕ್ಕೆ ನಿಂತ. ಸುಬ್ಬಮ್ಮ ಎರಡನೇ ಸಲ ಅನ್ನ ಹಾಕಿಸಿಕೊಂಡು, ಎದುರಿಗೆ ಕೂತ ಬೀಗರ ತಟ್ಟೆ ನೋಡಿ ಕೈ ನಿಲ್ಲಿಸಿದರು.

"ಇದೆಂಥ ಬೀಗ್ರೇ, ಹೆಂಡ್ತಿ ಅಷ್ಟು ಕಷ್ಟಪಟ್ಟು ಹಿಡ್ಕಂಡು ಬಂದದೆ, ನೀವು ಐಸ್ ಮೀನು ತಿಂತಾ ಕೂತೀರಲ್ಲ. ಒಂದು ತುಂಡು ಹಾಕಿ ತುಂಗಮ್ಮ ಅವರಿಗೂ."

ಮಂಜಪ್ಪನವರು ತಟ್ಟೆಯ ಮೇಲೆ ಬಗ್ಗಿದರು. ತುಂಗಮ್ಮ ಸೌಟು ಎತ್ತಲಿಲ್ಲ.

"ಅವರಿಗೆ ಬೇಡ ಸುಬ್ಬಮ್ಮ. ಹಿಡಿದಿದ್ದು ನಾನಾದ್ರೂ ಮಂಡಕ್ಕಿ ಹಾಕಿ ಕರೆದೋರು ಅವರು. ಊಟಕ್ಕೆ ಕರೆದೋರು ಹೆಂಗೆ ತಿಂತಾರೆ?"

ಸುಬ್ಬಮ್ಮನವರಿಗೆ ಅರ್ಥವಾಗಲಿಲ್ಲ, ಕೊರಗನಿಗೂ ಆಗಲಿಲ್ಲ. ಅರ್ಥವಾದವರಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು, ಎರಡೂ ಒಟ್ಟಿಗೆ ಬಂದು ಅನ್ನ ನೆತ್ತಿಗೆ ಹತ್ತಿತು. ಬೀಗಿತ್ತಿ ಎದುರಿಗಿದ್ದಾರೆಂದೂ ನೋಡದೆ ತುಂಗಮ್ಮ ಗಂಡನ ನೆತ್ತಿ ತಟ್ಟಿದರು, ನೀರಿನ ಲೋಟ ಕೈಗೆ ಕೊಟ್ಟರು.

"ನಿಧಾನ ಊಟ ಮಾಡಿ" ಅಂದರು. "ಬರೋ ಭಾನುವಾರ ಎಲ್ಲಿಗೂ ಓಡಿ ಹೋಗಲ್ಲ."